ಮೂರು ಡಬ್ಬಿ ಗೆಲುವಿನ ಮಣ್ಣು

ಗೆಳೆಯರೇ, ಈ ವರ್ಷ ನನ್ನನ್ನು ಕುಣಿಸಿದ ಮೂರು ಕುಸ್ತಿಗಳ ಅಖಾಡದಿಂದ ಹಿಡಿಹಿಡಿ ಕೆಂಪು ಮಣ್ಣು ತಂದು, ಗೆದ್ದವರ ಹೆಸರು ಬರೆದು ಮೂರು ಡಬ್ಬಿಗಳಲ್ಲಿ ಇಟ್ಟಿದ್ದೆ. ಇವತ್ತು ಬೆಳಿಗ್ಗೆ ನೋಡಿದರೆ ಡಬ್ಬಿಗಳು ಖಾಲಿ. ಹೆಂಡತಿ ಅಷ್ಟನ್ನೂ ಮೆಣಸಿನ ಗಿಡದ ಕುಂಡಕ್ಕೆ ಸುರಿದಿದ್ದಳು.

“ಅಲ್ಲ, ನಮ್ಮ ಹಳಿಯಾಳದ ಹುಡುಗಿ ತನಗಿಂತ ಎತ್ತರದಾಕಿನ್ನ ಚಿತ್ ಮಾಡಿದ ಮಣ್ಣು ಅದು,” ಎಂದೆ.

“ಗೊತ್ತೈತ್ರಿ. ಅಖಾಡಾ ಹದ ಮಾಡಾಕ ಹಾಕಿದ ಅರಿಶಿಣ, ಮಜ್ಜಿಗಿ, ತುಪ್ಪ ಉಂಡ ಮಣ್ಣು ಡಬ್ಬ್ಯಾಗ ಕುಂತು ಏನ್ ಮಾಡ್ತೈತಿ? ಗಿಡಾ ಸೊರಗಿತ್ತು,” ಎಂದಳು.

ಮಧ್ಯಾಹ್ನದ ಊಟ ಬಿಟ್ಟು ಮುನಿಸಿಕೊಂಡೆ. ಸಂಜೆ ಹೋಗಿ ನೋಡಿದರೆ, ತಲೆ ಜೋತುಬಿದ್ದಿದ್ದ ಗಿಡ ಪೈಲ್ವಾನನ ಹಾಗೆ ಎದೆಯುಬ್ಬಿಸಿ ನಿಂತಿದೆ. ನೀರು ಹಾಕಿದ್ದಕ್ಕೆ ಎನ್ನಬೇಡಿ. ಮುನಿಸು ಮರೆತು ಶಿಳ್ಳೆ ಹೊಡೆದುಬಿಟ್ಟೆ.

ಈಗ ಆ ಕುಂಡದ್ದೇ ಒಂದು ಹಿಡಿ ಮಣ್ಣು ನಾಲ್ಕನೇ ಡಬ್ಬಿಗೆ ಹಾಕಿದ್ದೇನೆ. ಗೆದ್ದವರ ಹೆಸರಿನ ಜಾಗದಲ್ಲಿ ಹೆಂಡತಿಯ ಹೆಸರು ಬರೆದಿದ್ದೇನೆ.