ಬೂಟಿನ ಸದ್ದು ನಿಂತ ಮೇಲೆ

ನನ್ನ ತಮ್ಮನಿಗೆ ಗಾಳಿ ಅಂತ ಹೆಸರಿಟ್ಟವರು ನಮ್ಮಪ್ಪ. ಅಪ್ಪನದು ಸೈಕಲ್ ರಿಪೇರಿ ಅಂಗಡಿ. ಟಯರಿಗೆ ಪಂಪು ಹೊಡೆಯೋ ಅಂದರೆ ಇವನು ನಾಲ್ಕು ಸಲ ಒತ್ತಿ, ಬೀದಿಯ ಆ ತುದಿಗೆ ಓಡಿಹೋಗಿ, ಬಂದು ಮತ್ತೆ ನಾಲ್ಕು ಸಲ ಒತ್ತುತ್ತಿದ್ದ. “ಟಯರಿನೊಳಗಿನ ಗಾಳಿಯಾದರೂ ಒಂದು ಕಡೆ ನಿಲ್ಲುತ್ತೆ, ಈ ಗಾಳಿ ನಿಲ್ಲಲ್ಲ” ಅನ್ನುತ್ತಿದ್ದರು. ಮುಂದೆ ಅವನು ಸ್ಯಾಕ್ಸೊಫೋನ್ ಊದಲು ಕಲಿತ ಮೇಲೆ ಹೆಸರು ಗಟ್ಟಿಯಾಗಿ ಅಂಟಿಕೊಂಡಿತು.

ಈಗ ಅವನಿಗೆ ಅರವತ್ತರ ಹತ್ತಿರ. ನಮ್ಮ ಯಜಮಾನರು ಹೋದ ಮೇಲೆ ನಾನು ಅವನ ಮನೆಯಲ್ಲೇ ಇದ್ದೇನೆ. ಎರಡು ಕೋಣೆ, ಅಡುಗೆಮನೆ, ನಡುವೆ ಉದ್ದಕ್ಕೆ ಹಲಗೆ ಹಾಸಿದ ಓಣಿಯಂಥ ಜಾಗ. ಆ ಹಲಗೆಗಳ ನಡುಭಾಗ ಸವೆದು ಬಿಳಿಚಿಕೊಂಡಿದೆ, ಎಲ್ಲ ಇವನ ಓಡಾಟದ ಪುಣ್ಯ. ಅವನಿಗೊಂದು ಜೊತೆ ಕಪ್ಪು ಬೂಟು. ಎಡಗಾಲಿನದು ಕಿರ್ ಅನ್ನುತ್ತದೆ. ಅದು ಕಾಲಲ್ಲಿಲ್ಲದೆ ಅವನು ಊದಿದ್ದನ್ನು ನಾನು ಕಂಡಿಲ್ಲ. ಅಡುಗೆಮನೆಯಲ್ಲಿ ಬೆನ್ನು ಹಾಕಿ ನಿಂತಿದ್ದರೂ ಆ ಕಿರ್ ಕೇಳಿದರೆ ಸಾಕು, ಇವತ್ತು ಇವನ ಮನಸ್ಸು ಎಲ್ಲಿದೆ ಅಂತ ತಿಳಿಯುತ್ತದೆ.

ಅವನದು ಜಾಝ್. ನನಗೆ ಅರ್ಥವಾದಷ್ಟು ಹೇಳುತ್ತೇನೆ. ಹಾಡಿನ ಎಲುಬು ಮೊದಲೇ ಗೊತ್ತಿರುತ್ತದೆ, ಮಾಂಸ ಊದುವ ಹೊತ್ತಿಗೆ ಹುಟ್ಟುತ್ತದೆ. ನಿನ್ನೆ ಊದಿದ್ದು ಇವತ್ತು ಬರುವುದಿಲ್ಲ, ಬರಲೂ ಬಾರದು. ಹೋಟೆಲುಗಳಲ್ಲಿ, ಮದುವೆ ಮನೆಗಳಲ್ಲಿ ಜನ ಉಣ್ಣುತ್ತಾ ಮಾತಾಡುತ್ತಿರುವಾಗ ಇವನು ಹೀಗೆ ಊದಿಕೊಂಡೇ ಆಯುಷ್ಯ ಕಳೆದ. ಜೊತೆಗೆ ಡ್ರಮ್ಮಿನವನು, ಪಿಯಾನೊದವನು, ದೊಡ್ಡ ತಂತಿವಾದ್ಯದವನು. ಒಬ್ಬನ ಹುಬ್ಬು ಏರಿದರೆ ಇನ್ನೊಬ್ಬನಿಗೆ ತಿಳಿಯಬೇಕು, ಅಷ್ಟು ವರ್ಷದ ಒಡನಾಟ.

ಇವನ ಆಸೆ ಒಂದೇ. ತನ್ನ ಹಾಡುಗಳನ್ನು ಸಿಂಫನಿ ಆರ್ಕೆಸ್ಟ್ರಾದ ಜೊತೆ ಊದಿ ಒಂದು ಆಲ್ಬಮ್ ಮಾಡಬೇಕು. ಎಷ್ಟೋ ವರ್ಷ ಬಾಗಿಲು ತಟ್ಟಿದ ಮೇಲೆ ರೇಡಿಯೋದ ಆರ್ಕೆಸ್ಟ್ರಾ ಒಪ್ಪಿತು. ನಡೆಸುವವರು ಸಣ್ಣ ಬಿಳಿ ಕೋಲು ಹಿಡಿದು ನಿಲ್ಲುತ್ತಾರಲ್ಲ, ಅವರನ್ನು ನಮ್ಮ ಮನೆಯಲ್ಲಿ ಕೋಲು ಮೇಷ್ಟ್ರು ಅಂತಲೇ ಕರೆಯುತ್ತಿದ್ದೆವು. ಒಳ್ಳೆಯ ಮನುಷ್ಯ, ಗದರಿದರೂ ಮೆತ್ತಗೆ.

ಹಾಡುಗಳೆಲ್ಲ ರೆಕಾರ್ಡ್ ಆದವು, ಒಂದು ಬಿಟ್ಟು. ಅದು ನಿಧಾನದ ಹಾಡು, ಅವನ ಜೀವ ಇದ್ದದ್ದೇ ಅದರಲ್ಲಿ. ನಡುವೆ ಇವನೊಬ್ಬನೇ ಊದಬೇಕು, ಮುಗಿದ ಕೂಡಲೇ ಪಿಟೀಲುಗಳೆಲ್ಲ ಎದ್ದು ಬರಬೇಕು. ಆರ್ಕೆಸ್ಟ್ರಾದವರಿಗೆ ಎಲ್ಲ ಕಾಗದದ ಮೇಲೆ ಇರಬೇಕು. ಇವನ ಭಾಗಕ್ಕೆ ಇಷ್ಟು ತಾಳ ಅಂತ ಖಾಲಿ ಬಿಟ್ಟು, ಬೆರಳು ಮಡಚಿ ಎಣಿಸುತ್ತಾ ಕೂರುತ್ತಾರೆ. ಎಣಿಕೆ ಮುಗಿಯಿತೋ, ಶುರು. ಆಗ ನಮ್ಮವನ ಊದುವ ಮಾತು ಇನ್ನೂ ಅರ್ಧದಲ್ಲಿ. ಕಂಬಳಿ ಮೇಲೆ ಕಂಬಳಿ ಬಿದ್ದ ಹಾಗೆ ಇವನ ಮೇಲೆ ಪಿಟೀಲು.

“ಗಾಳಿಯವರೇ, ಒಂದೋ ಎಣಿಕೆಗೆ ಮುಗಿಸಿ, ಇಲ್ಲಾಂದ್ರೆ ಏನು ಊದ್ತೀರೋ ಬರೆದುಕೊಂಡು ಬನ್ನಿ. ಇಷ್ಟು ಜನಕ್ಕೆ ನಿಮ್ಮ ಮನಸ್ಸು ಓದೋಕೆ ಬರಲ್ಲ” ಅಂದರು ಮೇಷ್ಟ್ರು.

ಬರೆದ. ವಾರವೆಲ್ಲ ಕಾಲು ಸುಟ್ಟ ಬೆಕ್ಕಿನ ಹಾಗೆ ಮನೆ ತುಂಬ ಓಡಾಡುತ್ತಾ ಬರೆದ, ಹರಿದ, ಮತ್ತೆ ಬರೆದ. ಊದುವ ತುದಿಗೆ ಕಟ್ಟುವ ಬೆತ್ತದ ಪಟ್ಟಿಯನ್ನು ನೆನೆಯಲಿ ಅಂತ ಬಾಯಲ್ಲಿ ಇಟ್ಟುಕೊಂಡೇ ತಿರುಗುತ್ತಿದ್ದ. ಊಟಕ್ಕೆ ಕರೆದರೆ ಹೂಂ, ಬಡಿಸಲಾ ಅಂದರೆ ಊಹೂಂ.

ಅವನ ಹೆಂಡತಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಸಂಜೆ ಬಂದವಳು ಗೋಡೆಗೆ ಒರಗಿ ದಾರಿ ಬಿಡುತ್ತಾ, “ಅಕ್ಕ, ನಮ್ಮನೇಲಿ ಗಡಿಯಾರಾನೇ ಬೇಡ, ಇವರೇ ಪೆಂಡುಲಮ್ಮು” ಅಂದಳು.

ಮುಂದಿನ ಸಲ ರೆಕಾರ್ಡಿಗೆ ಹೋದಾಗ ಕಾಗದ ನೋಡಿ ಊದಿದ. ಎಣಿಕೆಗೆ ಸರಿಯಾಗಿ ಮುಗಿಯಿತು, ಪಿಟೀಲು ಸರಿಯಾಗಿ ಎದ್ದವು. ಎಲ್ಲರೂ ಕೈಕುಲುಕಿ ಕಳಿಸಿದರು. ಅದರ ಪ್ರತಿ ಮನೆಗೆ ತಂದು ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಕೇಳಿಸಿದ.

“ಹೇಗಿದೆ?”

“ಚೆನ್ನಾಗಿದೆ.”

“ಆ ದನಿಯಲ್ಲಿ ಚೆನ್ನಾಗಿದೆ ಅಂದ್ರೆ ಏನರ್ಥ ಅಂತ ನಂಗೊತ್ತು. ಹೇಳು.”

“ನಿನ್ನ ಬೂಟಿನ ಸದ್ದೇ ಇಲ್ಲವಲ್ಲೋ ಇದರಲ್ಲಿ.”

ಸಿಡುಕಿದ. “ಬೂಟಿನ ಸದ್ದು ಕೇಳಿಸೋಕೆ ಅಷ್ಟು ಜನ ಪಿಟೀಲು ಹಿಡ್ಕೊಂಡು ಬಂದಿದ್ರಾ?” ಅಂದು ಎದ್ದು ಹೋದ. ಓಣಿಯಲ್ಲಿ ಕಿರ್, ಕಿರ್. ಸ್ವಲ್ಪ ಹೊತ್ತಿಗೆ, ನಾನೂ ಅವನ ಹೆಂಡತಿಯೂ ಇದ್ದ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ.

“ಕಾಗದ ಇತ್ತಲ್ಲ, ನಿಂತಲ್ಲೇ ನಿಂತಿದ್ದೆ. ನನ್ನ ಹಾಗೆ ಇನ್ಯಾರೋ ಊದಿದ ಹಾಗಿದೆ ಅಕ್ಕ. ನಾನು ಸತ್ತ ಮೇಲೂ ಇದೇ ಉಳಿಯೋದು. ಬೇರೆ ಯಾರದೋ ಉಳಿಯುತ್ತೆ.”

“ಹಾಗಾದ್ರೆ ಮೇಷ್ಟ್ರನ್ನ ಕೇಳು.”

“ಆರ್ಕೆಸ್ಟ್ರಾ ಬೇರೆ ಊರಿಗೆ ಹೊರಟಿದೆ. ಉಳಿದಿರೋದು ಒಂದೇ ಬೆಳಗ್ಗೆ. ಎಲ್ಲರೂ ಶಾಪ ಹಾಕ್ತಾರೆ.”

“ಹಾಕಲಿ. ಶಾಪದ ಗುರಿಯೂ ತಪ್ಪುತ್ತೆ, ನೀವು ಒಂದು ಕಡೆ ನಿಂತರೆ ತಾನೆ ತಗಲೋದು” ಅಂದಳು ಹೆಂಡತಿ. ಅವನಿಗೂ ನಗು ಬಂತು. ಮೇಷ್ಟ್ರಿಗೆ ಫೋನ್ ಮಾಡಿದ.

ಆ ಬೆಳಗ್ಗೆ ನಾನೂ ಅವನ ಹೆಂಡತಿಯೂ ರೇಡಿಯೋದವರ ಹಾಲಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆವು. ಮೇಷ್ಟ್ರು ಒಂದು ದಾರಿ ಹುಡುಕಿದ್ದರು. ಇವನು ಊದುವಷ್ಟು ಹೊತ್ತೂ ಪಿಟೀಲಿನವರು ಒಂದೇ ಸ್ವರವನ್ನು ಸಣ್ಣಗೆ ಎಳೆಯುತ್ತಾ ಇರಬೇಕು. ಎಣಿಕೆ ಇಲ್ಲ. ಮುಗಿಯುವ ಮುಂಚೆ ಇವನು ಭುಜ ಎತ್ತಿದರೆ ಅದೇ ಗುರುತು, ಮೇಷ್ಟ್ರ ಕೋಲು ಕೆಳಗಿಳಿಯುತ್ತದೆ, ಎಲ್ಲರೂ ಎದ್ದು ಬರಬೇಕು.

ಶುರು ಮಾಡಿದರು. ಇವನು ಮೊದಲ ಉಸಿರು ಎಳೆದುಕೊಂಡ, ಭುಜ ಎದ್ದಿತು, ಕೋಲು ಬಿತ್ತು, ಪಿಟೀಲು ಭೋರೆಂದವು. ನಿಲ್ಲಿಸಿ ಮತ್ತೆ ಮಾಡಿದರು. ಎರಡು ಸಾಲು ಊದಿ ಪಕ್ಕಕ್ಕೆ ವಾಲಿದ, ಭುಜ ಎದ್ದಿತು, ಮತ್ತೆ ಅದೇ ಕತೆ. ಮೂರನೆಯ ಸಲ ಭುಜ ಅಲ್ಲಾಡದ ಹಾಗೆ ಹಿಡಿದುಕೊಂಡ. ಸ್ವರ ಹರಿಯಲಿಲ್ಲ, ತಾನೇ ನಿಲ್ಲಿಸಿಬಿಟ್ಟ. ಪಿಟೀಲಿನ ಹೆಂಗಸೊಬ್ಬರು ಕೈ ನೀವಿಕೊಂಡು ಗಡಿಯಾರದ ಕಡೆ ನೋಡಿದರು. ಇವನ ಕತ್ತಿನ ಮೇಲೆ ಬೆವರು ಇಳಿಯುವುದು ನನಗೆ ಅಲ್ಲಿಂದಲೇ ಕಾಣುತ್ತಿತ್ತು.

“ಬಿಟ್ಟುಬಿಡಿ ಸಾರ್. ಕಾಗದದ್ದೇ ಇರಲಿ” ಅಂದ.

ಆಗ ಇವನ ಜೊತೆಯ ಡ್ರಮ್ಮಿನವನು ಕೂತಲ್ಲಿಂದಲೇ ಬಾಯಿ ಹಾಕಿದ. “ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ. ಮೀನಿಗೆ ನೀರಲ್ಲಿ ಅಲ್ಲಾಡಿದ್ರೆ ಗುರುತು ಅಂತ ಹೇಳಿದ ಹಾಗಾಯ್ತು ಇದು. ಮೂವತ್ತು ವರ್ಷದಿಂದ ನಾವು ನೋಡೋದು ಬೇರೆ. ಇವನು ಮುಗಿಸೋ ಮುಂಚೆ ಇವನ ಕಾಲು ಒಂದು ಗಳಿಗೆ ನಿಂತುಬಿಡುತ್ತೆ. ಲೋ ಗಾಳಿ, ನಿಂಗೆ ಗೊತ್ತಾ ಅದು?”

“ಇಲ್ಲ ಕಣೋ.”

“ಗೊತ್ತಿಲ್ಲದ್ದೇ ಒಳ್ಳೇದಾಯ್ತು. ಗೊತ್ತಿದ್ದಿದ್ರೆ ಅದನ್ನೂ ಕೆಡಿಸ್ತಿದ್ದೆ.”

ಆರ್ಕೆಸ್ಟ್ರಾದವರೆಲ್ಲ ನಕ್ಕರು. ಕೈ ನೀವಿಕೊಳ್ಳುತ್ತಿದ್ದ ಆ ಹೆಂಗಸೂ ನಕ್ಕು ಪಿಟೀಲನ್ನು ಗದ್ದಕ್ಕೆ ಎತ್ತಿಕೊಂಡರು. ಮೇಷ್ಟ್ರು ಕೋಲಿನ ತುದಿಯಿಂದ ಮೂಗು ಕೆರೆದುಕೊಂಡು, “ಸರಿ, ಅವರು ನಿಂತಾಗ ನಾವು ಹೊರಡೋಣ” ಅಂದರು.

ಇವನು ಕಣ್ಣು ಮುಚ್ಚಿದ. ಸಣ್ಣ ಸ್ವರ ಎಳೆಯುತ್ತಾ ಹೋಯಿತು, ಅದರ ಮೇಲೆ ಇವನು ವಾಲಿದ, ಬಾಗಿದ, ಒಂದು ಹೆಜ್ಜೆ ಆ ಕಡೆ, ಒಂದು ಹೆಜ್ಜೆ ಈ ಕಡೆ. ಬೂಟು ಕಿರ್ ಅಂತಲೇ ಇತ್ತು. ಎಷ್ಟು ಹೊತ್ತೋ, ನಾನು ಲೆಕ್ಕ ಇಡಲಿಲ್ಲ. ತಮ್ಮನ ಹೆಂಡತಿ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದಳು. ಏನನ್ನೋ ಕಳೆದುಕೊಂಡವನು ಮನೆಯೆಲ್ಲ ಹುಡುಕಿ, ಹುಡುಕಿದ ಜಾಗದಲ್ಲೇ ಮತ್ತೆ ಹುಡುಕುವ ಹಾಗೆ ಊದಿದ. ಪಿಟೀಲಿನವರು ಒಬ್ಬರೂ ಕಾಗದ ನೋಡಲಿಲ್ಲ, ಎಲ್ಲರ ಕಣ್ಣೂ ಇವನ ಕಾಲ ಮೇಲೆ.

ಬೂಟಿನ ಸದ್ದು ನಿಂತಿತು. ಕೋಲು ಬಿತ್ತು. ಇವನ ಕೊನೆಯ ಉಸಿರಿನ ಕೆಳಗೇ ಪಿಟೀಲುಗಳು ಎದ್ದು, ಇವನನ್ನು ಎತ್ತಿಕೊಂಡು ಹೋದವು.

ರೆಕಾರ್ಡ್ ಮಾಡುವ ಕೋಣೆಯವನು ಆಮೇಲೆ ಬಂದು, “ಸಾರ್, ಎಲ್ಲ ಬಂದಿದೆ. ನಡುವೆ ಏನೋ ಕಿರುಗುಟ್ಟುತ್ತಿದೆ, ತೆಗೆದುಬಿಡಲಾ?” ಅಂದ. ತಮ್ಮ ತಿರುಗಿ ನನ್ನ ಕಡೆ ನೋಡಿದ. “ಇರಲಿ” ಅಂದ.

ಆಲ್ಬಮ್ ಬಂದು ವರ್ಷವಾಯಿತು. ಕೊಂಡವರು ಎಷ್ಟು ಜನ ಅಂತ ನನಗೆ ಗೊತ್ತಿಲ್ಲ, ಕೇಳಿಲ್ಲ. ಅವನೇನೂ ಬದಲಾಗಲಿಲ್ಲ. ಈಗ ಇನ್ಯಾವುದೋ ಹಾಡು ತಲೆಗೆ ಹೊಕ್ಕಿದೆ, ಹಲಗೆ ಸವೆಯುತ್ತಲೇ ಇದೆ. ಆದರೆ ಮಧ್ಯಾಹ್ನ ನಾನು ಆ ನಿಧಾನದ ಹಾಡು ಹಾಕಿದರೆ, ಓಣಿಯಲ್ಲಿ ಒಂದು ಬೂಟು, ರೆಕಾರ್ಡಿನಲ್ಲಿ ಇನ್ನೊಂದು ಬೂಟು. ಪಿಟೀಲು ಏಳುವ ಮುಂಚೆ ಎರಡೂ ನಿಲ್ಲುತ್ತವೆ.