ಕಲ್ಲಿನಂತೆ ಕಾಣುವ ಕಂಬ

ನಾನು ಉಪ್ಪುಕಾಗದ ಹಿಡಿದರೆ ಸಾಕು, ಆ ಮನೆಯ ಅಜ್ಜಿಗೆ ಏನಾದರೊಂದು ಮಾತು ನೆನಪಾಗುತ್ತಿತ್ತು. ಮರಳವಾಡಿಯ ಆ ಮನೆಯ ಮುಂದಿನ ಕಂಬಗಳ ಹಳೇ ಬಣ್ಣ ಕೆರೆದು ಹೊಸದು ಬಳಿಯುವ ಕೆಲಸ ನನ್ನದು. ಅಜ್ಜಿ ಮತ್ತೆ ಬಂದರು.

"ಕೂಸ್ನ ನೆಲದ ಮೇಲೆ ಯಾಕವ್ವ ಮಲಗಿಸಿದ್ದೀಯ? ಕಂಬಕ್ಕೆ ಸೀರೆ ಜೋಲಿ ಕಟ್ಟು. ನನ್ ಮಗ ಹಾಕ್ಸಿರೋ ಕಲ್ಕಂಬ, ಆನೆ ಕಟ್ಟಿದ್ರೂ ಅಲ್ಲಾಡಕಿಲ್ಲ."

"ಆನೆ ಇರ್ಲಿ, ನನ್ ಕೂಸಿನ ಭಾರಾನೂ ತಡೆಯಕಿಲ್ಲ. ಇದು ಫೈಬರ್ ಕಣಜ್ಜಿ, ಒಳಗೆ ಟೊಳ್ಳು," ಎಂದು ತಟ್ಟಿ ತೋರಿಸಿದೆ.

ಅಜ್ಜಿಯೂ ತಟ್ಟಿ ನೋಡಿದರು. ಕೆರೆದ ಜಾಗವನ್ನು ಸವರಿದರು. "ಕಲ್ಲು ಅಂದಿದ್ನಲ್ಲ ನನ್ ಮಗ," ಎಂದರು.

ಆಮೇಲೆ ಅವರೇ ಕೇಳಿದರು, "ಬಣ್ಣ ಬಳುದ್ಮೇಲೆ ಮತ್ತೆ ಕಲ್ಲಿನಂಗೇ ಕಾಣ್ತದಾ?"

"ಕಾಣ್ತದೆ."

ನಾನು ಮತ್ತೆ ಉಪ್ಪುಕಾಗದ ಹಿಡಿದೆ. ಅಜ್ಜಿ ಕೇಳಿದರು: "ಹಂಗಾರೆ ಅವ್ನ ಮುಂದೆ ನಂಗೇನೂ ಗೊತ್ತಿಲ್ದಂಗೇ ಇದ್ಬುಡ್ಲಾ, ಮಗಾ?"