ಮೇಲಕ್ಕನ ಹಳೆಯ ಕಂಪ್ಯೂಟರ್

ಆ ಆಫೀಸಿನಲ್ಲಿ ಅವಳನ್ನು ಎಲ್ಲರೂ ಮೇಲಕ್ಕ ಎಂದೇ ಕರೆಯುತ್ತಿದ್ದರು. ಮೇಲ್ ನೋಡುವ ಅಕ್ಕ, ಮೇಲಕ್ಕ. ಕೆಟ್ಟು ನಿಂತ ಲಿಫ್ಟುಗಳನ್ನು ರಿಪೇರಿ ಮಾಡಿಕೊಡುವ ಕಂಪನಿ ಅದು. ಯಾವ ಕಟ್ಟಡದಿಂದ ದೂರು ಬಂದರೂ ಬರುವುದು ಒಂದೇ ಇ-ಮೇಲ್ ವಿಳಾಸಕ್ಕೆ, ಆ ಮೇಲ್ ತೆರೆದುಕೊಳ್ಳುವುದು ಮೇಲಕ್ಕನ ಕಂಪ್ಯೂಟರಿನಲ್ಲಿ ಮಾತ್ರ. ಹಾಗಾಗಿ ಮೆಕ್ಯಾನಿಕ್‌ಗಳಿಂದ ಹಿಡಿದು ಮ್ಯಾನೇಜರ್‌ವರೆಗೆ ಎಲ್ಲರೂ ಬೆಳಿಗ್ಗೆ ಅವಳ ಮೇಜಿನ ಮುಂದೆ ನಿಂತು, "ಮೇಲಕ್ಕಾ, ನಂಗೇನಾದ್ರೂ ಬಂದಿದ್ಯಾ?" ಎಂದು ಕೇಳಲೇಬೇಕು. ಅವಳು ಕನ್ನಡಕ ಸರಿಮಾಡಿಕೊಂಡು, ಕಣ್ಣೆದುರಿಗೇ ಉತ್ತರ ಇದ್ದರೂ ಒಂದು ಗಳಿಗೆ ಕಾಯಿಸಿ, ಆಮೇಲೆ ಹೇಳುತ್ತಿದ್ದಳು. ಆ ಒಂದು ಗಳಿಗೆಯ ರುಚಿ ಉಂಡವರಿಗೇ ಗೊತ್ತು ಬಿಡಿ.

ಮನೆಯಲ್ಲಿ ಅವಳನ್ನು ಹಾಗೆ ಕೇಳುವವರು ಯಾರಿದ್ದರು? ಅಲ್ಲಿ ಅವಳು ಬರೀ ದೊಡ್ಡ ಸೊಸೆ. ಮೈದುನ ಮದುವೆಯಾಗಿ ಚಿಕ್ಕ ಸೊಸೆ ಬಂದದ್ದೇ ತಡ, ಅತ್ತೆಯ ಬಾಯಲ್ಲಿ ಬೇರೆ ಮಾತೇ ಇಲ್ಲ. ಚಿಕ್ಕವಳು ಕಂಪ್ಯೂಟರ್ ಓದಿದವಳು. ಚಿಕ್ಕವಳ ಕೈ ಚುರುಕು. ಚಿಕ್ಕವಳು ಅತ್ತೆಯ ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಟ್ಟಳು. ಅಯ್ಯೋ, ಅಕ್ಷರ ದೊಡ್ಡದು ಮಾಡಿದ್ದಕ್ಕೆ ಇಷ್ಟೊಂದು ಸಂಭ್ರಮವೇ! ಇದೇ ದೊಡ್ಡ ಸೊಸೆ ಮಾವ ಹಾಸಿಗೆ ಹಿಡಿದಾಗ ಹಗಲು ರಾತ್ರಿ ಚಾಕರಿ ಮಾಡಿದ್ದು ಆ ಮುದುಕಿಗೆ ಒಂದು ದಿನವಾದರೂ ನೆನಪಾಯಿತೇ? ಆಗಲಿಲ್ಲ. ಓರಗಿತ್ತಿಯನ್ನು ಹೊಗಳುವ ಒಂದೊಂದು ಮಾತೂ ಮೇಲಕ್ಕನ ಹೊಟ್ಟೆಯೊಳಗೆ ಇಳಿದು ಅಲ್ಲೇ ಉರಿಯುತ್ತಿತ್ತು.

ಇಷ್ಟಾದರೂ ಆಫೀಸು ತನ್ನದು ಎಂಬ ಸಮಾಧಾನ ಅವಳಿಗಿತ್ತು. ಅದಕ್ಕೂ ಕಲ್ಲು ಬಿತ್ತು. ಮಾಲೀಕರು ಹಳೆಯ ಕಂಪ್ಯೂಟರುಗಳನ್ನು ತೆಗೆಸಿ, ಎಲ್ಲರ ಮೇಜಿಗೂ ಹೊಸದು ಹಾಕಿಸುವ ಮನಸ್ಸು ಮಾಡಿದರು. ಇನ್ನು ದೂರುಗಳು ಎಲ್ಲರಿಗೂ ಒಟ್ಟಿಗೇ ಕಾಣುತ್ತವೆ, ಯಾರೂ ಯಾರನ್ನೂ ಕೇಳಬೇಕಾಗಿಲ್ಲ. ಕೊಂಡದ್ದು ಚಿಕ್ಕವಳು ಕೆಲಸಕ್ಕೆ ಸೇರಿದ್ದ ಅಂಗಡಿಯಿಂದಲೇ. ಜೋಡಿಸಿ, ಮೇಲ್ ಬರುವ ಹಾಗೆ ಮಾಡಿಕೊಡಲು ಅಂಗಡಿಯವರು ಕಳಿಸಿದ್ದು ಯಾರನ್ನು ಎನ್ನುತ್ತೀರಿ? ಚಿಕ್ಕವಳನ್ನೇ.

ಹಿಂದಿನ ರಾತ್ರಿ ಊಟಕ್ಕೆ ಕೂತಾಗ ಚಿಕ್ಕವಳು ಹೇಳಿದ್ದಳು. "ನಾನೊಬ್ಳೇ ಮಾಡ್ತಿರೋ ಮೊದಲ್ನೇ ಕೆಲ್ಸ ಅಕ್ಕಾ. ಇದು ಸರಿ ಹೋದ್ರೆ ಕೆಲ್ಸ ಖಾಯಂ ಮಾಡ್ತಾರೆ. ಹೋಗ್ಲಿಲ್ಲ ಅಂದ್ರೆ ಮತ್ತೆ ಕೌಂಟರಲ್ಲಿ ಫೋನ್ ಎತ್ಕೊಂಡು ಕೂತ್ಕೊಳ್ಳೋದೇ ಗತಿ. ನೀವು ಅಲ್ಲೇ ಇರ್ತೀರಲ್ಲ, ನಂಗೆ ಅದೇ ಧೈರ್ಯ."

"ಇರ್ತೀನಿ, ಇನ್ನೆಲ್ಲಿಗೆ ಹೋಗ್ಲಿ?" ಎಂದು ಮೇಲಕ್ಕ ತಟ್ಟೆಯಿಂದ ತಲೆ ಎತ್ತದೆ ಹೇಳಿದ್ದಳು.

ಚಿಕ್ಕವಳು ಬಂದದ್ದೇ ತಡ, ಆಫೀಸು ತಲೆಕೆಳಗಾಯಿತು. ಮ್ಯಾನೇಜರ್ ತಮ್ಮ ಕೈಯಾರೆ ಫ್ಯಾನ್ ಅವಳ ಕಡೆ ತಿರುಗಿಸಿದರು. ಅಷ್ಟು ವರ್ಷ ಅದೇ ಫ್ಯಾನಿನ ಬೆನ್ನು ನೋಡಿಕೊಂಡು ಬೆವರಿದವಳು ಮೇಲಕ್ಕ! ಲೆಕ್ಕ ಬರೆಯುವವರು ಬಂದು ಹಲ್ಲು ಬಿಟ್ಟರು. "ನಿಮ್ಮ ಓರಗಿತ್ತಿಯಂತೆ? ಪರ್ವಾಗಿಲ್ವೇ, ಮನೆ ತುಂಬ ಕಂಪ್ಯೂಟರ್ ಪಂಡಿತರೇ! ಇನ್ಮೇಲೆ ನಿಮಗೆ ರೆಸ್ಟು ಮೇಲಕ್ಕಾ, ಎಲ್ಲ ನಮ್ಮ ಮೇಜಿಗೇ ಬರುತ್ತಂತಲ್ಲ."

ರೆಸ್ಟಂತೆ! ಯಾರು ಕೇಳಿದ್ದರು ಇವನ ರೆಸ್ಟು?

ಈಗ ಒಂದು ವಿಷಯ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಮೇಲಕ್ಕನ ಹಳೆಯ ಕಂಪ್ಯೂಟರಿಗೆ ಒಂದು ಚಾಳಿ ಇತ್ತು. ಅದು ಐದೈದು ನಿಮಿಷಕ್ಕೆ ಒಮ್ಮೆ ಮೇಲ್ ಪೆಟ್ಟಿಗೆಗೆ ಕೈ ಹಾಕಿ, ಬಂದದ್ದನ್ನೆಲ್ಲ ತನ್ನೊಳಗೆ ಎಳೆದುಕೊಂಡು, ಅಲ್ಲಿ ಇದ್ದದ್ದನ್ನು ಅಳಿಸಿಬಿಡುತ್ತಿತ್ತು. ಅದು ಓಡುತ್ತಿರುವಷ್ಟು ಹೊತ್ತು ಬೇರೆ ಯಾವ ಕಂಪ್ಯೂಟರಿಗೂ ಸಿಗುವುದು ಖಾಲಿ ಪೆಟ್ಟಿಗೆಯೇ. ಇದು ಮೇಲಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಹಿಂದೊಮ್ಮೆ ಮ್ಯಾನೇಜರ್ ತಮ್ಮ ಕಂಪ್ಯೂಟರಿನಲ್ಲೂ ಮೇಲ್ ಬೇಕೆಂದು ಹಟ ಹಿಡಿದಾಗ ಇದೇ ರಗಳೆಯಾಗಿ, ಕಾರಣ ತಿಳಿಯದೆ ಅವರೇ ಕೈ ಮುಗಿದು ಬಿಟ್ಟಿದ್ದರು.

ಎಲ್ಲರ ಹಳೆಯ ಕಂಪ್ಯೂಟರುಗಳೂ ಸ್ಟೋರ್ ರೂಮು ಸೇರಿದವು. ಮೇಲಕ್ಕ ಮಾತ್ರ, "ಹಳೇ ದೂರುಗಳೆಲ್ಲ ಇದರಲ್ಲೇ ಇವೆ, ನಾನೇ ನಿಧಾನಕ್ಕೆ ತೆಗೆದಿಡ್ತೀನಿ" ಎಂದು ತನ್ನದನ್ನು ಬಿಟ್ಟುಕೊಡಲಿಲ್ಲ. ಕೆಲಸವೆಲ್ಲ ನಡೆಯುವ ಸಿಪಿಯು ಡಬ್ಬ ಮೇಜಿನ ಕೆಳಗೆ, ಪರದೆ ಮೇಜಿನ ಮೂಲೆಯಲ್ಲಿ. ಹೊಸ ಕಂಪ್ಯೂಟರುಗಳನ್ನು ಚಾಲೂ ಮಾಡುವ ಮೊದಲು ಚಿಕ್ಕವಳು ಬಂದು ಕೇಳಿದಳು. "ಅಕ್ಕಾ, ನಿಮ್ಮ ಹಳೇದು ಆಫ್ ಆಗಿದೆ ತಾನೆ?"

ಮೇಲಕ್ಕ ಕೈ ಚಾಚಿ ಪರದೆಯ ಗುಂಡಿ ಒತ್ತಿದಳು. ಪರದೆ ಕಪ್ಪಾಯಿತು. "ಹೂಂ, ಆಫ್ ಆಯ್ತು ನೋಡು."

ಮೇಜಿನ ಕೆಳಗೆ ಡಬ್ಬ ಓಡುತ್ತಲೇ ಇತ್ತು. ಬೇರೆ ಯಾರ ಮೇಜಾಗಿದ್ದರೂ ಚಿಕ್ಕವಳು ಬಗ್ಗಿ ನೋಡಿಯೇ ನೋಡುತ್ತಿದ್ದಳು, ಅವಳ ಕೆಲಸದ ರೀತಿಯೇ ಹಾಗೆ. ಆದರೆ ಅಕ್ಕ ಆಫ್ ಆಗಿದೆ ಎಂದ ಮೇಲೆ, ಅಕ್ಕನ ಕಾಲ ಬುಡದಲ್ಲಿ ನುಗ್ಗಿ ಅದು ಹೌದೋ ಅಲ್ಲವೋ ಎಂದು ಪರೀಕ್ಷೆ ಮಾಡುವುದುಂಟೇ? ಮನೆಯ ಹಿರಿಯ ಸೊಸೆಯ ಮಾತಿಗೆ ಅಷ್ಟಾದರೂ ಬೆಲೆ ಬೇಡವೇ? ಚಿಕ್ಕವಳು ತಲೆಯಾಡಿಸಿ ಹೋದಳು.

ಅಲ್ಲಿಂದ ಶುರುವಾಯಿತು ನೋಡಿ ಪಜೀತಿ. ಹೊಸ ಕಂಪ್ಯೂಟರುಗಳಲ್ಲಿ ಒಮ್ಮೆ "ಪೆಟ್ಟಿಗೆ ಬೇರೆಯವರ ಬಳಕೆಯಲ್ಲಿದೆ, ಸಂಪರ್ಕ ಸಿಗುತ್ತಿಲ್ಲ" ಎಂದು ಬರುತ್ತದೆ. ಇನ್ನೊಮ್ಮೆ ಸಂಪರ್ಕ ಸಿಗುತ್ತದೆ, ಪೆಟ್ಟಿಗೆ ಖಾಲಿ. ಚಿಕ್ಕವಳು ವೈರು ಬದಲಾಯಿಸಿದಳು. ಪಾಸ್‌ವರ್ಡ್ ಮತ್ತೆ ಹೊಡೆದಳು. ಸರ್ವರ್ ಹೆಸರನ್ನು ಒಂದೊಂದೇ ಅಕ್ಷರ ಓದಿ ತಾಳೆ ನೋಡಿದಳು. ವೈರಸ್ ತಡೆಯುವ ಸಾಫ್ಟ್‌ವೇರ್ ಅಡ್ಡ ಬಂದಿರಬಹುದೆಂದು ಅದನ್ನೂ ನಿಲ್ಲಿಸಿದಳು. ಎಲ್ಲವನ್ನೂ ಮುಚ್ಚಿ ಒಂದೇ ಒಂದನ್ನು ತೆರೆದಳು. ಊಹೂಂ. ಮೇಲ್ ಸೇವೆಯವರಿಗೆ ಫೋನ್ ಮಾಡಿದರೆ, "ನಮ್ಮ ಕಡೆ ಎಲ್ಲ ಸರಿ ಇದೆ ಮೇಡಂ" ಎಂದು ಕೈ ತೊಳೆದುಕೊಂಡರು.

"ಇನ್ನೆಲ್ಲೋ ಒಂದು ಕಂಪ್ಯೂಟರ್ ಮೇಲ್ ಎಳ್ಕೊಳ್ತಾ ಇದೆ ಅನ್ಸುತ್ತೆ ಅಕ್ಕಾ," ಎಂದಳು ಎರಡನೆಯ ದಿನ. ಚಿಕ್ಕವಳು ಸ್ಟೋರ್ ರೂಮಿಗೆ ಹೋಗಿ, ಧೂಳು ಕುಡಿಯುತ್ತಾ ಅಲ್ಲಿದ್ದ ಹಳೆಯವನ್ನೆಲ್ಲ ತಡಕಿ ಬಂದಳು. ಅಲ್ಲಿ ಒಂದಕ್ಕೂ ಕರೆಂಟೇ ಇರಲಿಲ್ಲ. "ಪಾಸ್‌ವರ್ಡ್ ಬದಲಾಯಿಸಿಬಿಟ್ರೆ ಅದಕ್ಕೆ ಮೇಲ್ ಸಿಗಲ್ಲ, ಗೊತ್ತಾಗಿಬಿಡುತ್ತೆ ಅಲ್ವಾ?"

"ಅದನ್ನ ಮಾಲೀಕರೇ ಮಾಡ್ಬೇಕಮ್ಮ. ಅವರು ಊರಲ್ಲಿಲ್ಲ," ಎಂದಳು ಮೇಲಕ್ಕ. ಮಾಲೀಕರು ಊರಲ್ಲಿಲ್ಲದ್ದು ನಿಜವೇ. ಒಂದು ಫೋನ್ ಮಾಡಿದ್ದರೆ ಆಗುತ್ತಿತ್ತು ಎನ್ನುವುದೂ ನಿಜ.

ಈ ನಡುವೆ ಮೇಲಕ್ಕನ ಬೆಲೆ ಆಕಾಶಕ್ಕೇರಿತು. ಯಾರೂ ಇಲ್ಲದಾಗ ಪರದೆ ಹಚ್ಚಿ ದೂರುಗಳನ್ನು ಓದಿಕೊಳ್ಳುವಳು. ಆಮೇಲೆ, "ನಾನೇ ಕಟ್ಟಡದವರಿಗೆ ಫೋನ್ ಮಾಡಿ ವಿಚಾರಿಸ್ದೆ, ಇಂಥಾ ಕಡೆ ಲಿಫ್ಟ್ ನಿಂತಿದೆಯಂತೆ" ಎನ್ನುವಳು. "ನೀವಿಲ್ದಿದ್ರೆ ನಮ್ಮ ಕಥೆ ಮುಗೀತಿತ್ತು ಮೇಲಕ್ಕಾ!" ಎಂದು ಮ್ಯಾನೇಜರ್ ಹಾಡಿ ಹೊಗಳಿದರು. ಫ್ಯಾನು ತಾನಾಗಿ ಅವಳ ಕಡೆ ತಿರುಗಿತು. ಚಿಕ್ಕವಳ ಮುಖ ದಿನದಿನಕ್ಕೆ ಸಣ್ಣದಾಗುತ್ತಿತ್ತು. ಅದನ್ನು ನೋಡಿ ಮೇಲಕ್ಕನಿಗೆ ಅಯ್ಯೋ ಅನ್ನಿಸಲಿಲ್ಲವೇ ಎಂದರೆ, ಅನ್ನಿಸಿತು. ಆದರೆ ಮನೆಗೆ ಹೋದೊಡನೆ ಅತ್ತೆ, "ಪಾಪ ಮಗು, ಸುಸ್ತಾಗಿದೆ" ಎಂದು ಚಿಕ್ಕವಳಿಗೆ ಬಿಸಿ ಹಾಲು ಕೊಡುವಳು, ದೊಡ್ಡವಳಿಗೆ ಪಾತ್ರೆಗಳನ್ನು ತೋರಿಸುವಳು. ಅಯ್ಯೋ ಅನ್ನಿಸಿದ್ದು ಅಲ್ಲೇ ಆವಿಯಾಗುತ್ತಿತ್ತು.

ಹೀಗಿರುವಾಗ ಮೇಲಕ್ಕನ ದವಡೆ ಹಲ್ಲು ಕೈಕೊಟ್ಟಿತು. ಹಲ್ಲು ಕೀಳಿಸಿಕೊಂಡು, ಕೆನ್ನೆ ಊದಿಸಿಕೊಂಡು ಅವಳು ಒಂದು ದಿನ ಮನೆಯಲ್ಲೇ ಮಲಗಿದಳು. ಡಬ್ಬಕ್ಕೆ ರಜೆ ಎಲ್ಲಿಯದು? ಅದು ತನ್ನ ಪಾಡಿಗೆ ತಾನು ಎಳೆದುಕೊಳ್ಳುತ್ತಲೇ ಇತ್ತು, ಓದುವವರು ಮಾತ್ರ ಯಾರೂ ಇರಲಿಲ್ಲ. ಅವತ್ತೇ ಒಂದು ದೊಡ್ಡ ಕಟ್ಟಡದ ಲಿಫ್ಟ್ ನಿಂತುಹೋಯಿತು. ಅಲ್ಲಿಯವರು ಒಂದರ ಮೇಲೊಂದು ಮೇಲ್ ಕಳಿಸಿದರು. ಉತ್ತರವಿಲ್ಲ. ಕಾಲಿಗೆ ಬ್ಯಾಂಡೇಜು ಹಾಕಿಸಿಕೊಂಡಿದ್ದ ಹಿರಿಯರೊಬ್ಬರನ್ನು ಕುರ್ಚಿಯಲ್ಲಿ ಕೂರಿಸಿ, ಅಷ್ಟೂ ಮಹಡಿ ಹೊತ್ತುಕೊಂಡೇ ಇಳಿಸಬೇಕಾಯಿತಂತೆ.

ಮರುದಿನ ಮೇಲಕ್ಕ ಬರುವ ಹೊತ್ತಿಗೆ ಮ್ಯಾನೇಜರ್ ಚಿಕ್ಕವಳನ್ನು ನಡು ಆಫೀಸಿನಲ್ಲಿ ನಿಲ್ಲಿಸಿಕೊಂಡು ಕೂಗಾಡುತ್ತಿದ್ದರು. "ಏನು ಓದಿದ್ದೀಯಮ್ಮ ನೀನು? ಒಂದು ಮೇಲ್ ಬರೋ ಹಾಗೆ ಮಾಡೋಕಾಗಲ್ವಾ? ನಿಮ್ಮ ಅಂಗಡಿಗೆ ಹೇಳಿದ್ದೀನಿ, ನಾಳೆ ಬೇರೆಯವರು ಬರ್ತಾರೆ. ನೀನು ಹೊರಡು."

ಚಿಕ್ಕವಳು ಅಳಲಿಲ್ಲ. ತನ್ನ ಸಾಮಾನುಗಳನ್ನು ಚೀಲಕ್ಕೆ ಹಾಕಿಕೊಂಡು, ಮೇಲಕ್ಕನ ಮೇಜಿನ ಹತ್ತಿರ ಬಂದು, "ಹಲ್ಲು ನೋವು ಕಮ್ಮಿ ಆಯ್ತಾ ಅಕ್ಕಾ?" ಎಂದು ಕೇಳಿ ಹೋದಳು.

ಗೆದ್ದೆ ಎಂದು ಹೊಟ್ಟೆ ತಣ್ಣಗಾಗಬೇಕಿತ್ತು. ಆಗಲಿಲ್ಲ. ನಾಳೆ ಬರುವವನು ಯಾರೋ, ಅವನಿಗೆ ಇವಳು ಅಕ್ಕನೂ ಅಲ್ಲ, ತಂಗಿಯೂ ಅಲ್ಲ. ಅವನು ಮೊದಲು ಬಗ್ಗಿ ನೋಡುವುದೇ ಮೇಜಿನ ಕೆಳಗೆ. ಆಮೇಲೆ ಮಾನ ಮೂರು ಕಾಸಿಗೆ ಹರಾಜು. ಹೀಗೆ ಎಣಿಸಿಯೇ ಅವಳು ಆ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಬಗ್ಗಿ, ಡಬ್ಬದ ಪ್ಲಗ್ಗು ಕಿತ್ತಳು. ನ್ಯಾಯ ಧರ್ಮ ಏನೂ ಇಲ್ಲ ಅದರಲ್ಲಿ, ಬರೀ ಹೆದರಿಕೆ.

ಊಟ ಮುಗಿಸಿ ಬಂದವರು ನೋಡುತ್ತಾರೆ, ಎಲ್ಲರ ಹೊಸ ಕಂಪ್ಯೂಟರಿನಲ್ಲೂ ಟಣ್ ಟಣ್ ಎಂದು ಮೇಲ್ ಬೀಳುತ್ತಿದೆ! ಲೆಕ್ಕ ಬರೆಯುವವರು ಕುಣಿದಾಡಿಬಿಟ್ಟರು. "ಮೇಲಕ್ಕಾ, ಏನ್ ಮಾಡಿದ್ರಿ?" "ಏನೋ ಒಂಚೂರು ಮುಟ್ಟಿ ನೋಡ್ದೆ," ಎಂದಳು ಮೇಲಕ್ಕ, ಊದಿದ ಕೆನ್ನೆ ಹಿಡಿದುಕೊಂಡು. ನಾಳೆ ಯಾರೂ ಬರುವುದು ಬೇಡವೆಂದು ಮ್ಯಾನೇಜರ್ ಅಂಗಡಿಗೆ ಫೋನ್ ಮಾಡಿ, "ನಿಮ್ಮ ಹುಡುಗಿ ಕೈಲಿ ಆಗದ್ದನ್ನ ನಮ್ಮ ಮೇಲಕ್ಕ ಮಾಡಿದ್ರು" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

ಸಂಜೆ ಮನೆಗೆ ಬಂದರೆ ಸುದ್ದಿ ಅವಳಿಗಿಂತ ಮುಂಚೆ ಬಂದು ಕೂತಿತ್ತು. ಅಂಗಡಿಯಲ್ಲಿ ಕೇಳಿಸಿಕೊಂಡಿದ್ದ ಚಿಕ್ಕವಳೇ ಅತ್ತೆಗೆ ಹೇಳಿದ್ದಳು. ಅತ್ತೆ ಅವತ್ತು ಮೊದಲು ಬಡಿಸಿದ್ದು ದೊಡ್ಡ ಸೊಸೆಗೆ. "ಮನೆ ಮರ್ಯಾದೆ ಉಳಿಸಿದೆ ಕಣೇ. ಇಷ್ಟು ದಿನ ನಿನ್ನ ಬೆಲೆ ನಂಗೆ ತಿಳೀಲೇ ಇಲ್ಲ," ಎಂದಳು. ಎಷ್ಟು ವರ್ಷ ಈ ಮಾತಿಗಾಗಿ ಬಾಯಿ ಬಿಟ್ಟುಕೊಂಡು ಕಾದಿದ್ದಳು ಆ ಹೆಂಗಸು! ಈಗ ಬಂತು, ಬಂದರೆ ಅವಳು ತಟ್ಟೆಯಿಂದ ತಲೆ ಎತ್ತಲಿಲ್ಲ.

ಎದುರಿಗೆ ಕೂತಿದ್ದ ಚಿಕ್ಕವಳು ಕೇಳಿದಳು. "ಅಕ್ಕಾ, ಏನಾಗಿತ್ತು ಅಂತ ನಂಗೂ ಹೇಳ್ಕೊಡಿ. ಎಷ್ಟು ಯೋಚ್ನೆ ಮಾಡಿದ್ರೂ ಹೊಳೀತಾ ಇಲ್ಲ."

"ಏನೋ ಒಂದು ಗುಂಡಿ ಒತ್ತಿದೆ. ಬಿಡು."

"ಯಾವ ಗುಂಡಿ ಅಕ್ಕಾ?"

ಮೇಲಕ್ಕ ಅನ್ನ ಕಲಸುತ್ತಲೇ ಇದ್ದಳು. ಚಿಕ್ಕವಳು, "ಹೋಗ್ಲಿ. ಅಂಗಡೀಲಿ ಕೌಂಟರಿಗೆ ಹೋಗು ಅಂದ್ರು ಇವತ್ತು. ಅವ್ರು ಹೇಳಿದ್ದೇ ಸರಿ, ಈ ಕೆಲ್ಸ ನನ್ನ ತಲೆಗೆ ಹತ್ತಲ್ಲ. ಬಿಟ್ಟುಬಿಡ್ತೀನಿ," ಎಂದಳು.

"ಬಿಡು ಮಗಾ, ಎಲ್ಲಾರ ಕೈಲೂ ಎಲ್ಲ ಆಗುತ್ಯೇ? ನಿಮ್ಮಕ್ಕನ ತಲೆನೇ ಬೇರೆ," ಎಂದಳು ಅತ್ತೆ.

ಇದನ್ನು ಮಾತ್ರ ಮೇಲಕ್ಕನಿಗೆ ನುಂಗಲಾಗಲಿಲ್ಲ. "ಅವಳ ತಲೆ ಸರಿಯಾಗೇ ಇದೆ ಅತ್ತೆ," ಎಂದುಬಿಟ್ಟಳು. "ನನ್ನ ಹಳೇ ಕಂಪ್ಯೂಟರ್ ಓಡ್ತಾನೇ ಇತ್ತು. ಎಲ್ಲ ಮೇಲೂ ಅದೇ ಎಳ್ಕೊಳ್ತಿತ್ತು. ಇವಳು ಕೇಳಿದ್ಲು, ಆಫ್ ಆಗಿದೆ ಅಂದೆ. ಗೊತ್ತಿದ್ದೇ ಅಂದೆ."

ಅತ್ತೆಯ ಕೈಯಲ್ಲಿದ್ದ ಸೌಟು ನಿಂತಿತು. "ಯಾಕೇ?"

"ಹೊಟ್ಟೆಕಿಚ್ಚು ಅತ್ತೆ. ಇನ್ನೇನು?"

ಚಿಕ್ಕವಳು ಮೇಲಕ್ಕನನ್ನೇ ನೋಡುತ್ತಿದ್ದಳು. ಮುಖದಲ್ಲಿ ಕೋಪ ಇನ್ನೂ ಬಂದಿರಲಿಲ್ಲ, ಕೇಳಿದ್ದು ನಿಜವೋ ಸುಳ್ಳೋ ಎಂಬ ಗೊಂದಲವಷ್ಟೇ ಇತ್ತು.

"ನಾಳೆ ನಾನೇ ನಿಮ್ಮ ಅಂಗಡಿಗೆ ಬಂದು ಹೇಳ್ತೀನಿ," ಎಂದಳು ಮೇಲಕ್ಕ.

"ಹೇಳಿ. ನಮ್ಮ ಅಂಗಡೀಲೂ ಹೇಳಿ, ನಿಮ್ಮ ಆಫೀಸಲ್ಲೂ ಹೇಳಿ," ಎಂದಳು ಚಿಕ್ಕವಳು. "ನಿಮ್ಮ ಮೇಜಿನ ಕೆಳಗೆ ನೋಡ್ಬೇಕು ಅಂತ ನಂಗೆ ನಾಲ್ಕು ಸಲ ಅನ್ಸಿತ್ತು. ನೀವು ಹೇಳಿದ್ದೀರಲ್ಲ ಅಂತ ನೋಡ್ಲಿಲ್ಲ."

ಅವಳು ತಟ್ಟೆ ಎತ್ತಿಕೊಂಡು ಎದ್ದಳು.

"ನಂಗೆ ನಿಮ್ಮ ಕೆಲ್ಸ ಬೇಕಾಗಿರ್ಲಿಲ್ಲ ಅಕ್ಕಾ. ನಂಗೆ ನಂದು ಬೇಕಿತ್ತು, ಅಷ್ಟೇ."